ಮೇ ಎಂಟರ ಮೋಹ

ಗ್ರೇಟ್‌ಫುಲ್ ಡೆಡ್ ಕೇಳಲು ಶುರುಮಾಡಿದ್ದೇನೆ ಎಂದು ಆ ಬ್ಯಾಂಡಿನ ಹಳೆಯ ಅಭಿಮಾನಿಯೊಬ್ಬರ ಮುಂದೆ ಬಾಯಿಬಿಟ್ಟು ನೋಡಿ. ಯಾವ ಹಾಡು ಹಿಡಿಸಿತು ಎಂದು ಅವರು ಕೇಳುವುದಿಲ್ಲ, ತಾರೀಖು ಹೇಳುತ್ತಾರೆ. 1977ರ ಮೇ 8, ಕಾರ್ನೆಲ್ ವಿಶ್ವವಿದ್ಯಾಲಯ, ಬಾರ್ಟನ್ ಹಾಲ್. ಮೊದಲು ಅದನ್ನು ಕೇಳು, ಆಮೇಲೆ ಮಾತಾಡೋಣ! ನನಗೆ ಹೀಗೆ ಹೇಳಿದವರು ಹಾಸ್ಟೆಲ್ಲಿನಲ್ಲಿ ನನಗಿಂತ ನಾಲ್ಕು ವರ್ಷ ಹಿರಿಯರಾದ, ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಅಣ್ಣ. ಒಂದು ಪೆನ್‌ಡ್ರೈವಿನಲ್ಲಿ ನಲವತ್ತು ಶೋಗಳನ್ನು ತುಂಬಿಕೊಟ್ಟಿದ್ದರು. ಫೋಲ್ಡರುಗಳ ಹೆಸರಿನ ಪಕ್ಕ ನಕ್ಷತ್ರಗಳು. ಕಾರ್ನೆಲ್ಲಿಗೆ ಐದು. ಕೊನೆಯಲ್ಲಿದ್ದ 1995ರ ಫೋಲ್ಡರಿಗೆ ಒಂದೂ ಇಲ್ಲ, 'ಬೇಕಾದರೆ ಮಾತ್ರ' ಎಂಬ ಷರಾ ಇತ್ತು. ಮೂರು ವರ್ಷ ನಾನು ಆ ನಕ್ಷತ್ರಗಳನ್ನು ನಂಬಿ ಕೇಳಿದೆ, ಬೇರೆಯವರಿಗೆ ಹಂಚಿದೆ, ಒಂದೆರಡು ಸಲ ಜಗಳವನ್ನೂ ಆಡಿದೆ. ಈಗ ಆ ನಕ್ಷತ್ರಗಳ ಮೇಲೆಯೇ ನನ್ನ ತಕರಾರು.

ಹೋಲಿಕೆಯ ಮೇಲೆ ತಕರಾರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಬ್ಯಾಂಡಿನ ಮಟ್ಟಿಗೆ ಹೋಲಿಸದೆ ಕೇಳುವುದು ಸಾಧ್ಯವೇ ಇಲ್ಲ. 1965ರಿಂದ 1995ರವರೆಗೆ ಅವರು ಸುಮಾರು 2,300 ಶೋ ಕೊಟ್ಟರು. ಇಂದು ನುಡಿಸಿದ ಹಾಡುಗಳ ಪಟ್ಟಿಯನ್ನು ನಾಳೆ ಹಾಗೆಯೇ ನುಡಿಸುತ್ತಿರಲಿಲ್ಲ. ಒಂದು ಹಾಡು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎನ್ನುವುದೂ ವೇದಿಕೆಯ ಮೇಲೇ ತೀರ್ಮಾನವಾಗುತ್ತಿತ್ತು. 'ಡಾರ್ಕ್ ಸ್ಟಾರ್' ಎಂಬ ಅವರ ಹಾಡು 1968ರಲ್ಲಿ ಸಿಂಗಲ್ ಆಗಿ ಬಂದಾಗ ಮೂರು ನಿಮಿಷವೂ ಇರಲಿಲ್ಲ. ಮರುವರ್ಷದ 'ಲೈವ್/ಡೆಡ್' ಆಲ್ಬಮ್ಮಿನಲ್ಲಿ ಅದೇ ಹಾಡು ಇಪ್ಪತ್ಮೂರು ನಿಮಿಷ. 1972ರ ಆಗಸ್ಟ್ 27ರಂದು ಆರೆಗನ್‌ನ ವೆನೀಟಾದ ಬಯಲಿನಲ್ಲಿ, ವಾದ್ಯಗಳ ಶ್ರುತಿಯೇ ಜಾರುವಂಥ ಬಿಸಿಲಿನಲ್ಲಿ, ಅದು ಅರ್ಧ ಗಂಟೆ ದಾಟಿತು. ಇವುಗಳಲ್ಲಿ ಹಾಡು ಯಾವುದು? ಪ್ರಶ್ನೆ ಕೇಳಿಕೊಂಡ ಕ್ಷಣ ನೀವು ಎರಡು ಟೇಪುಗಳನ್ನು ಅಕ್ಕಪಕ್ಕ ಇಡುತ್ತೀರಿ. ಬೇರೆ ದಾರಿಯಿಲ್ಲ.

ಅಕ್ಕಪಕ್ಕ ಇಡಲು ಟೇಪುಗಳಿರುವುದೂ ಅಭಿಮಾನಿಗಳಿಂದಲೇ. ಬೇರೆ ಬ್ಯಾಂಡುಗಳ ಶೋಗಳಲ್ಲಿ ರೆಕಾರ್ಡರ್ ಕಂಡರೆ ಕಿತ್ತುಕೊಳ್ಳುತ್ತಿದ್ದ ಕಾಲದಲ್ಲಿ ಇವರು ಕಂಡೂ ಕಾಣದಂತಿದ್ದರು. 1984ರ ಅಕ್ಟೋಬರಿನಲ್ಲಿ ಬರ್ಕ್ಲಿಯಿಂದ ಶುರುಮಾಡಿ, ಟೇಪು ಮಾಡುವವರಿಗೆಂದೇ ಸಭಾಂಗಣದಲ್ಲಿ ಪ್ರತ್ಯೇಕ ಜಾಗವನ್ನೂ ಟಿಕೆಟ್ಟನ್ನೂ ಕೊಟ್ಟರು. ಅಲ್ಲಿ ಮೈಕುಗಳನ್ನು ಎತ್ತರದ ಕೋಲುಗಳಿಗೆ ಕಟ್ಟಿ ನಿಲ್ಲುತ್ತಿದ್ದವರು ಹಣಕ್ಕಾಗಿ ನಿಂತವರಲ್ಲ. ಟೇಪು ಮಾರಬಾರದು ಎನ್ನುವುದು ಅವರ ನಡುವಿನ ಕಟ್ಟುನಿಟ್ಟಾದ ನಿಯಮ. ನೀವು ಖಾಲಿ ಕ್ಯಾಸೆಟ್ಟನ್ನೂ ಅಂಚೆವೆಚ್ಚವನ್ನೂ ಕಳಿಸಿದರೆ ಅಪರಿಚಿತನೊಬ್ಬ ಪ್ರತಿ ಮಾಡಿ ವಾಪಸು ಕಳಿಸುತ್ತಿದ್ದ. ನನಗೆ ಈ ಬ್ಯಾಂಡಿನ ಸಂಗೀತಕ್ಕಿಂತ ಮೊದಲು ಇಷ್ಟವಾದದ್ದು ಈ ವಿಷಯ.

ಸಮಸ್ಯೆ ಶುರುವಾಗುವುದು ಹೋಲಿಸಿದ ಮೇಲೆ ಅಂಕ ಕೊಡುವಾಗ. ಆ ಅಂಕ ಯಾವುದಕ್ಕೆ? ಆ ರಾತ್ರಿ ಆರೇಳು ಜನ ನುಡಿಸಿದ್ದಕ್ಕೋ, ಆ ರಾತ್ರಿ ಒಂದು ಯಂತ್ರ ಹಿಡಿದುಕೊಂಡದ್ದಕ್ಕೋ? ಅಭಿಮಾನಿಗಳು ಮೊದಲನೆಯದಕ್ಕೆಂದು ಹೇಳುತ್ತಾರೆ, ಅಂಕ ಎರಡನೆಯದಕ್ಕೆ ಬೀಳುತ್ತದೆ.

ಸ್ವಲ್ಪ ತಾಂತ್ರಿಕ ವಿವರ ಬೇಕು, ಸಹಿಸಿಕೊಳ್ಳಿ. ಲೈವ್ ರೆಕಾರ್ಡಿಂಗುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು, ಧ್ವನಿ ನಿಯಂತ್ರಿಸುವ ಮೇಜಿನಿಂದ ನೇರ ತಂತಿ ಎಳೆದು ಮಾಡುವ ಸೌಂಡ್‌ಬೋರ್ಡ್ ಟೇಪು. ಇನ್ನೊಂದು, ಜನರ ನಡುವೆ ಮೈಕು ಹಿಡಿದು ಮಾಡುವ ಆಡಿಯನ್ಸ್ ಟೇಪು. ಎರಡೂ ಒಂದೇ ಶೋವಿನದಾದರೂ ಎರಡರಲ್ಲೂ ಒಂದೇ ಶೋ ಇರುವುದಿಲ್ಲ. ಚಿಕ್ಕ ಸಭಾಂಗಣದಲ್ಲಿ ಗಿಟಾರಿನ ಆಂಪ್ಲಿಫೈಯರ್ ತಾನೇ ಜೋರಾಗಿ ಕೇಳಿಸುತ್ತದೆ, ಅದನ್ನು ಬೋರ್ಡಿನಲ್ಲಿ ಹೆಚ್ಚು ಎತ್ತಬೇಕಾಗಿಲ್ಲ. ಹಾಗಾಗಿ ಸೌಂಡ್‌ಬೋರ್ಡ್ ಟೇಪಿನಲ್ಲಿ ಕಂಠಗಳು ಕಿವಿಗೇ ಬಂದು ಕೂಗುತ್ತವೆ, ಗಿಟಾರು ಪಕ್ಕದ ಕೋಣೆಯಲ್ಲಿರುತ್ತದೆ. ಅದನ್ನು ಕೇಳಿ 'ಈ ರಾತ್ರಿ ಗಾರ್ಸಿಯಾ ಮಂಕಾಗಿದ್ದ' ಎನ್ನುವವರಿದ್ದಾರೆ. ಮಂಕಾಗಿದ್ದದ್ದು ಬೋರ್ಡಿನ ಗುಂಡಿ. ಆಡಿಯನ್ಸ್ ಟೇಪಿನಲ್ಲಿ ಗಿಟಾರು ಸರಿಯಾಗಿ ತುಂಬಿಕೊಂಡಿರುತ್ತದೆ, ಆದರೆ ಮೈಕಿನ ಪಕ್ಕದವನು ಗೆಳೆಯನ ಜೊತೆ ಬಿಯರಿನ ವಿಚಾರ ಮಾತಾಡುತ್ತಿರುತ್ತಾನೆ. ಇನ್ನು ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿದು ಬಂದ ಪ್ರತಿಗಳಲ್ಲಿ ಟೇಪಿನ ವೇಗ ಸ್ವಲ್ಪ ಹೆಚ್ಚಿದ್ದರೂ ಸಾಕು, ಇಡೀ ಬ್ಯಾಂಡು ಚುರುಕಾಗಿಬಿಡುತ್ತದೆ. 'ಏನು ಉತ್ಸಾಹ!' ಎಂದು ನಾನೇ ಮೆಚ್ಚಿದ ಒಂದು ಟೇಪು ಹೀಗೆ ಓಡುತ್ತಿತ್ತೆಂದು ಆಮೇಲೆ ತಿಳಿಯಿತು.

1974ರ ಉದಾಹರಣೆ ಇನ್ನೂ ಚೆನ್ನಾಗಿದೆ. ಆ ವರ್ಷ ಅವರು 'ವಾಲ್ ಆಫ್ ಸೌಂಡ್' ಎಂಬ ದೈತ್ಯ ಧ್ವನಿವ್ಯವಸ್ಥೆ ಹೊತ್ತು ತಿರುಗಿದರು. ಧ್ವನಿವರ್ಧಕಗಳ ಗೋಡೆ ಗಾಯಕರ ಬೆನ್ನ ಹಿಂದೆಯೇ ಇದ್ದುದರಿಂದ ಮೈಕು ಕಿರುಚದಿರಲು ಒಂದು ಉಪಾಯ ಮಾಡಿದ್ದರು. ಒಬ್ಬ ಗಾಯಕನಿಗೆ ಎರಡು ಮೈಕು, ಅವನು ಹಾಡುವುದು ಒಂದಕ್ಕೆ ಮಾತ್ರ. ಎರಡಕ್ಕೂ ಸಮನಾಗಿ ಬಿದ್ದ ಹಿಂದಿನ ಸದ್ದು ಪರಸ್ಪರ ರದ್ದಾಗುತ್ತಿತ್ತು. ಉಪಾಯ ಫಲಿಸಿತು, ಜೊತೆಗೆ ಕಂಠವೂ ತೆಳ್ಳಗಾಯಿತು. ಆ ವರ್ಷದ ಟೇಪುಗಳಲ್ಲಿ ಹಾಡುವವರು ಡಬ್ಬದೊಳಗಿಂದ ಹಾಡಿದಂತಿದೆ. ಇದನ್ನು ಗಾಯನದ ದೋಷವೆಂದು ಪಟ್ಟಿಯಲ್ಲಿ ಬರೆದುಕೊಳ್ಳುವವರಿಗೆ ಏನು ಹೇಳುವುದು?

ಈಗ ಕಾರ್ನೆಲ್ಲಿಗೆ ಬರೋಣ. ಮೇ ತಿಂಗಳಿನಲ್ಲೂ ಹಿಮ ಬಿದ್ದ ಆ ರಾತ್ರಿಯ ಶೋ ಅದ್ಭುತವಾಗಿಯೇ ಇದೆ. 'ಸ್ಕಾರ್ಲೆಟ್ ಬಿಗೋನಿಯಾಸ್'ನಿಂದ 'ಫೈರ್ ಆನ್ ದ ಮೌಂಟನ್'ಗೆ ದಾಟುವ ಜಾಗದಲ್ಲಿ ಹೊಲಿಗೆ ಎಲ್ಲಿದೆ ಎಂದು ಇನ್ನೂ ಹುಡುಕುತ್ತಿದ್ದೇನೆ. 'ಮಾರ್ನಿಂಗ್ ಡ್ಯೂ'ವಿನ ಕೊನೆಯ ಏರಿಕೆ ಎಷ್ಟು ಸಲ ಕೇಳಿದರೂ ಹಳತಾಗಿಲ್ಲ. ಆದರೆ ಹಿಂದಿನ ರಾತ್ರಿ ಬಾಸ್ಟನ್ ಇತ್ತು, ಮರುರಾತ್ರಿ ಬಫಲೋ. ಅದೇ ಜನ, ಅದೇ ವಾರ. ಬಫಲೋ ಶುರುವಾಗುವುದೇ 'ಹೆಲ್ಪ್ ಆನ್ ದ ವೇ', 'ಸ್ಲಿಪ್‌ನಾಟ್', 'ಫ್ರಾಂಕ್ಲಿನ್ಸ್ ಟವರ್' ಮೂರನ್ನೂ ಒಂದೇ ಉಸಿರಿಗೆ ಕಟ್ಟಿ. ಕಾರ್ನೆಲ್ಲಿಗಿಂತ ಬಫಲೋ ಮೇಲು ಎನ್ನುವ ಒಂದು ಪಂಗಡವೇ ಅಭಿಮಾನಿಗಳಲ್ಲಿದೆ. ಹಾಗಿದ್ದರೂ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ 2011ರ ನ್ಯಾಷನಲ್ ರೆಕಾರ್ಡಿಂಗ್ ರಿಜಿಸ್ಟ್ರಿಗೆ ಸೇರಿದ್ದು ಕಾರ್ನೆಲ್. ಯಾಕೆ?

ಇದಕ್ಕೆ ಉತ್ತರ ಹೇಳಬೇಕೆಂದರೆ ಬೆಟ್ಟಿ ಕ್ಯಾಂಟರ್-ಜಾಕ್ಸನ್ ಎಂಬ ಹೆಣ್ಣುಮಗಳ ಹೆಸರು ಹೇಳಬೇಕು. ಐದು ನಕ್ಷತ್ರ ಕೊಟ್ಟ ಅಣ್ಣನಿಗೆ ಆ ಹೆಸರು ಗೊತ್ತಿರಲಿಲ್ಲ. ಬ್ಯಾಂಡಿನ ಧ್ವನಿಮುದ್ರಕಿಯಾಗಿದ್ದ ಆಕೆ, ಸಭಾಂಗಣಕ್ಕೆ ಹೋಗುವ ಮಿಶ್ರಣವನ್ನು ನೆಚ್ಚಿಕೊಳ್ಳದೆ, ಟೇಪಿಗೆಂದೇ ಬೇರೆ ಮಿಶ್ರಣ ಮಾಡುತ್ತಿದ್ದರು. ಮೇಲೆ ಹೇಳಿದ ಗಿಟಾರಿನ ಸಮಸ್ಯೆ ಆಕೆಯ ಟೇಪುಗಳಲ್ಲಿ ಇಲ್ಲದಿರುವುದು ಅದೃಷ್ಟವಲ್ಲ, ಕೆಲಸ. ಆಮೇಲೆ ಆಕೆ ಬ್ಯಾಂಡಿನಿಂದ ದೂರವಾದರು, ಕೈಯಲ್ಲಿ ಹಣವಿರಲಿಲ್ಲ, ಟೇಪುಗಳನ್ನಿಟ್ಟಿದ್ದ ಗೋದಾಮಿನ ಬಾಡಿಗೆ ಕಟ್ಟಲಾಗಲಿಲ್ಲ. 1986ರಲ್ಲಿ ಗೋದಾಮಿನವರು ಇದ್ದದ್ದನ್ನೆಲ್ಲ ಹರಾಜು ಹಾಕಿದರು. ಹಾಗೆ ಪರರ ಪಾಲಾದ ಟೇಪುಗಳಿಂದ ಪ್ರತಿಗಳು ಹೊರಟು 'ಬೆಟ್ಟಿ ಬೋರ್ಡ್ಸ್' ಎಂಬ ಹೆಸರಿನಲ್ಲಿ ಅಭಿಮಾನಿಗಳ ಕೈಯಿಂದ ಕೈಗೆ ಹರಡಿದವು. ಕಾರ್ನೆಲ್ ಅವುಗಳಲ್ಲೊಂದು. ಅಲ್ಲಿಯವರೆಗೆ ಗರಗರ ಸದ್ದಿನ ಐದಾರನೇ ಪ್ರತಿಗಳಿಗೆ ಒಗ್ಗಿಹೋಗಿದ್ದ ಕಿವಿಗಳಿಗೆ ಕಿಟಕಿ ತೆರೆದಂತಾಯಿತು. ಮೇ ಎಂಟರ ಕೀರ್ತಿ ಬೆಳೆದದ್ದು ಹೀಗೆ. ಒಬ್ಬ ಹೆಂಗಸು ಬಾಡಿಗೆ ಕಟ್ಟಲಾಗದೆ ಕಳೆದುಕೊಂಡ ಪೆಟ್ಟಿಗೆಗಳಿಂದ! ಹರಾಜಿನಲ್ಲಿ ಆ ಪೆಟ್ಟಿಗೆಗಳು ತಿಪ್ಪೆಗೆ ಹೋಗಿದ್ದರೆ ಅಣ್ಣನ ಐದು ನಕ್ಷತ್ರ ಬೇರಾವುದೋ ತಾರೀಖಿನ ಮೇಲೆ ಕೂತಿರುತ್ತಿದ್ದವು.

ಇದಕ್ಕೆ ಬರುವ ಒಳ್ಳೆಯ ಉತ್ತರವೊಂದಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 1970ರ ಜೂನ್ 24ರಂದು ನ್ಯೂಯಾರ್ಕ್ ರಾಜ್ಯದ ಪೋರ್ಟ್ ಚೆಸ್ಟರಿನಲ್ಲಿ ನುಡಿಸಿದ್ದು ನಮಗೆ ಉಳಿದಿರುವುದು ಆಡಿಯನ್ಸ್ ಟೇಪಿನಲ್ಲಿ. ಸದ್ದು ಕೆಟ್ಟದ್ದು. ಆದರೂ ಬಲ್ಲವರು ಅದನ್ನು ತಲೆಯ ಮೇಲೆ ಹೊತ್ತುಕೊಂಡಿದ್ದಾರೆ. ಅಂದರೆ ಪಳಗಿದ ಕಿವಿ ಟೇಪನ್ನು ದಾಟಿ ಸಂಗೀತಕ್ಕೆ ಹೋಗಬಲ್ಲದು. ಒಪ್ಪುತ್ತೇನೆ. ಹೋಲಿಸುವ ಅಭ್ಯಾಸ ಕೊಡುವ ಫಲವೇ ಅದು. ಆದರೆ ಹೊಸಬರ ಕೈಗೆ ನೀವು ಕೊಡುವುದು ಆ ಕಿವಿಯನ್ನಲ್ಲ, ಪಟ್ಟಿಯನ್ನು. ಪಟ್ಟಿ ಸಿಕ್ಕವನು ಹತ್ತು ಶೋ ಕೇಳಿ ಬ್ಯಾಂಡು ಮುಗಿಯಿತೆಂದು ಎದ್ದುಹೋಗುತ್ತಾನೆ. ಎಲ್ಲ ರಾತ್ರಿಗಳೂ ಸಮಾನವೆಂದು ನಾನು ವಾದಿಸುತ್ತಿಲ್ಲ. ಸುಮ್ಮನೆ ಕೆಟ್ಟ ರಾತ್ರಿಗಳು ಬೇಕಾದಷ್ಟಿವೆ. ತಾಳ ಜಗ್ಗಿತು, ಮೂರನೇ ಸಾಲು ಮರೆತ, ಎರಡು ನಿಮಿಷ ಯಾರೂ ಯಾರನ್ನೂ ಕೇಳಿಸಿಕೊಳ್ಳಲಿಲ್ಲ, ಇವೆಲ್ಲ ಹೇಳಬೇಕಾದ ಮಾತುಗಳು. ಹೇಳಿ. ಆಮೇಲೆ ಇವುಗಳನ್ನೆಲ್ಲ ಒಂದು ಅಂಕೆಗೆ ಇಳಿಸಿ ಗಂಟುಕಟ್ಟುತ್ತೀರಲ್ಲ, ಅಲ್ಲಿ ಕೇಳಿದ್ದೆಲ್ಲ ವ್ಯರ್ಥವಾಗುತ್ತದೆ.

ನನ್ನ ಸಂಶೋಧನೆ ಮೌಖಿಕ ಕಾವ್ಯಗಳ ಮೇಲೆ. ಹಾಗಾಗಿ ಈ ರೋಗ ನನಗೆ ಪರಿಚಿತ. ಮಿಲ್ಮನ್ ಪ್ಯಾರಿ 1930ರ ದಶಕದಲ್ಲಿ ಯುಗೊಸ್ಲಾವಿಯಾದ ಹಳ್ಳಿಗಳಲ್ಲಿ ವೀರಗಾಥೆ ಹಾಡುವವರನ್ನು ರೆಕಾರ್ಡ್ ಮಾಡಿದ. ಅವನ ಶಿಷ್ಯ ಆಲ್ಬರ್ಟ್ ಲಾರ್ಡ್ 1960ರ 'ದಿ ಸಿಂಗರ್ ಆಫ್ ಟೇಲ್ಸ್'ನಲ್ಲಿ ಹೇಳಿದ್ದು ಇಷ್ಟು: ಹಾಡುವವನು ಪ್ರತಿ ಸಲವೂ ಹಾಡನ್ನು ಕಟ್ಟುತ್ತಾನೆ, ಹಾಗಾಗಿ 'ಮೂಲ' ಎಂಬ ಮಾತೇ ಅಲ್ಲಿ ಹೊಂದುವುದಿಲ್ಲ. ಅವ್ದೋ ಮೆಜೆದೊವಿಚ್ ಎಂಬ ಹಾಡುಗಾರನಿಗೆ ಪ್ಯಾರಿ ಬೇರೊಬ್ಬನ 2,294 ಸಾಲಿನ ಗಾಥೆಯನ್ನು ಕೇಳಿಸಿ, ಈಗ ನೀನು ಹಾಡು ಎಂದ. ಅವ್ದೋ 6,313 ಸಾಲು ಹಾಡಿದ. ಇವೆರಡರಲ್ಲಿ ಯಾವುದಕ್ಕೆ ಎಷ್ಟು ನಕ್ಷತ್ರ? ನಮ್ಮ ಮಂಟೇಸ್ವಾಮಿ, ಮಾದೇಶ್ವರ ಕಾವ್ಯಗಳ ಮಟ್ಟಿಗೂ ಹಾಗೇ. ಯಾರೋ ಒಬ್ಬ ಗಾಯಕ ಯಾವುದೋ ಒಂದು ರಾತ್ರಿ ಹಾಡಿದ್ದು ಅಚ್ಚಾದ ಕೂಡಲೇ ಅದೇ ಕಾವ್ಯವಾಗಿಬಿಡುತ್ತದೆ. ಮುಂದಿನವರು ಅದನ್ನು ಇಟ್ಟುಕೊಂಡು ಉಳಿದ ಗಾಯಕರು 'ಬಿಟ್ಟದ್ದನ್ನು' ಲೆಕ್ಕ ಹಾಕುತ್ತಾರೆ. ನಾನೂ ಮೊದಲ ವರ್ಷದ ವರದಿಯಲ್ಲಿ ಅಂಥದ್ದೊಂದು ಕೋಷ್ಟಕ ಹಾಕಿದ್ದೆ, ಈಗ ನೋಡಿದರೆ ನಾಚಿಕೆಯಾಗುತ್ತದೆ.

ಪಟ್ಟಿಗಳಿಂದ ಲಾಭ ಯಾರಿಗೆ ಎಂದೂ ಕೇಳಬೇಕು. 2005ರ ನವೆಂಬರಿನಲ್ಲಿ ಇಂಟರ್‌ನೆಟ್ ಆರ್ಕೈವಿನಲ್ಲಿದ್ದ ಈ ಶೋಗಳ ಡೌನ್‌ಲೋಡ್ ಒಮ್ಮೆಗೇ ನಿಂತುಹೋಯಿತು. ಅಭಿಮಾನಿಗಳು ಗಲಾಟೆ ಮಾಡಿದ ಮೇಲೆ ಆಡಿಯನ್ಸ್ ಟೇಪುಗಳು ವಾಪಸು ಬಂದವು, ಸೌಂಡ್‌ಬೋರ್ಡುಗಳನ್ನು ಅಲ್ಲೇ ಕೇಳಬಹುದು ಆದರೆ ಇಳಿಸಿಕೊಳ್ಳುವಂತಿಲ್ಲ ಎಂದಾಯಿತು. ಗೆರೆ ಎಲ್ಲಿ ಬಿತ್ತು ನೋಡಿ. ಚೆನ್ನಾಗಿ ಕೇಳಿಸುವುದು ಸರಕು, ಉಳಿದದ್ದು ನಿಮಗಿರಲಿ. 2011ರಲ್ಲಿ 1972ರ ಯುರೋಪ್ ಪ್ರವಾಸದ ಇಪ್ಪತ್ತೆರಡೂ ಶೋಗಳು 73 ಸಿಡಿಗಳ ಪೆಟ್ಟಿಗೆಯಾಗಿ ಬಂದವು. ಅದು ನನಗೆ ಇಷ್ಟ, ಯಾಕೆಂದರೆ ಅಲ್ಲಿ ಆಯ್ಕೆಯಿಲ್ಲ, ಎಲ್ಲವೂ ಇದೆ. ಅದೇ ಪ್ರವಾಸದಿಂದ ಆ ಕಾಲದಲ್ಲೇ ಬಂದಿದ್ದ 'ಯುರೋಪ್ '72' ಎಂಬ 'ಲೈವ್' ಆಲ್ಬಮ್ಮಿನಲ್ಲಿ ಕಂಠಗಳನ್ನು ಸ್ಟುಡಿಯೋದಲ್ಲಿ ಮತ್ತೆ ಹಾಡಿಸಿದ್ದರೆನ್ನುವುದನ್ನು ಇದರ ಜೊತೆ ಹೋಲಿಸಿ ಕೇಳಿದರೆ ಎಷ್ಟು ಕಲಿಯಬಹುದು! 2017ರಲ್ಲಿ, ನಲವತ್ತು ತುಂಬಿದ ನೆಪದಲ್ಲಿ, ಕಾರ್ನೆಲ್ ಅಧಿಕೃತವಾಗಿ ಬಿಡುಗಡೆಯಾಯಿತು. ಮೂವತ್ತು ವರ್ಷ ಪುಕ್ಕಟೆಯಾಗಿ ಅದಕ್ಕೆ ಜಾಹೀರಾತು ಕೊಟ್ಟವರು ಅಭಿಮಾನಿಗಳು. ಅಮೆರಿಕದವರು ಕೊಂಡುಕೊಳ್ಳಲಿ ಬಿಡಿ. ಫೆಲೋಶಿಪ್ ಆರು ತಿಂಗಳಿಗೊಮ್ಮೆ ಬರುವ ನನ್ನಂಥವರಿಗೆ ಆ ಗರಗರ ಟೇಪುಗಳೇ ಗತಿ.

ಹೋಲಿಕೆಯನ್ನು ಅದರ ತುದಿಯವರೆಗೆ ಒಯ್ದವನು ಒಬ್ಬನಿದ್ದಾನೆ, ಕೆನಡಾದ ಜಾನ್ ಓಸ್ವಾಲ್ಡ್. 1990ರ ದಶಕದ ನಡುವಿನಲ್ಲಿ ಅವನು 'ಡಾರ್ಕ್ ಸ್ಟಾರ್'ನ ನೂರಕ್ಕೂ ಹೆಚ್ಚು ಪ್ರದರ್ಶನಗಳನ್ನು ತೆಗೆದುಕೊಂಡು, ಕತ್ತರಿಸಿ, ಒಂದರ ಮೇಲೊಂದು ಹಾಸಿ 'ಗ್ರೇಫೋಲ್ಡೆಡ್' ಮಾಡಿದ. 1968ರ ಗಾರ್ಸಿಯಾ 1990ರ ದಶಕದ ಗಾರ್ಸಿಯಾನ ಜೊತೆ ಹಾಡುತ್ತಾನೆ. ಹೋಲಿಸಿ ಹೋಲಿಸಿ ಒಬ್ಬ ಮನುಷ್ಯ ಒಂದನ್ನೂ ಕೈಬಿಡಲಾಗದ ಸ್ಥಿತಿಗೆ ಬಂದರೆ ಆಗುವುದು ಇದು. ಪಟ್ಟಿಗಾರರು ಇದನ್ನು ತಮಾಷೆಯೆಂದು ಪಕ್ಕಕ್ಕಿಡುತ್ತಾರೆ.

ಕಳೆದ ತಿಂಗಳು ಪೆನ್‌ಡ್ರೈವಿನ ಕೊನೆಯ ಫೋಲ್ಡರ್ ತೆರೆದೆ. 1995ರ ಜುಲೈ 9, ಶಿಕಾಗೋದ ಸೋಲ್ಜರ್ ಫೀಲ್ಡ್. ಬ್ಯಾಂಡಿನ ಕೊನೆಯ ಶೋ, ಸರಿಯಾಗಿ ಒಂದು ತಿಂಗಳಿಗೆ ಗಾರ್ಸಿಯಾ ತೀರಿಕೊಂಡ. ನಕ್ಷತ್ರ ಕೊಡದೆ ಇದ್ದದ್ದಕ್ಕೆ ಕಾರಣ ಮೊದಲ ಹಾಡಿನಿಂದಲೇ ಗೊತ್ತಾಗುತ್ತದೆ. ಬೆರಳು ಹೇಳಿದ ಮಾತು ಕೇಳುತ್ತಿಲ್ಲ, ಕಂಠ ಸವೆದಿದೆ. ಆಮೇಲೆ 'ಸೋ ಮೆನಿ ರೋಡ್ಸ್' ಬರುತ್ತದೆ. ಐವತ್ತೆರಡು ವರ್ಷದ, ನೋಡಲು ಎಪ್ಪತ್ತರಂತಿದ್ದ ಮನುಷ್ಯ ಹಾಡಿನ ಕೊನೆಯ ಮಾತನ್ನು ಬಿಡಲಾರದೆ ಮತ್ತೆ ಮತ್ತೆ ಎತ್ತಿಕೊಳ್ಳುತ್ತಾನೆ, ಪ್ರತಿ ಸಲವೂ ಸ್ವಲ್ಪ ಮೇಲಕ್ಕೆ, ದನಿ ಒಡೆಯುವವರೆಗೆ. ಅದೇ ಹಾಡಿನ ಬೇರೆ ಮೂರು ಪ್ರದರ್ಶನಗಳನ್ನು ಅವತ್ತೇ ಹುಡುಕಿ ಪಕ್ಕದಲ್ಲಿಟ್ಟು ಕೇಳಿದೆ. ಮೂರೂ ಇದಕ್ಕಿಂತ ಶುದ್ಧವಾಗಿವೆ. ಅಣ್ಣನಿಗೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಹೇಳಿದೆ. ಅವರೀಗ ಬೇರೆ ಊರಿನಲ್ಲಿ ಪಾಠ ಮಾಡುತ್ತಾರೆ. 'ಅದರ ಸೌಂಡ್‌ಬೋರ್ಡ್ ಇದೆಯೇನೋ?' ಎಂದರು.