ಆಸನದ ಹೆಸರುಚೀಟಿ

ಮಗಳ ಆರತಕ್ಷತೆಯ ಭೋಜನಕ್ಕೆ ಮೇಜುಗಳ ಮೇಲೆ ಅತಿಥಿಗಳ ಹೆಸರುಚೀಟಿಗಳನ್ನಿಡಬೇಕೆಂದು ಮನೆಯ ಕಿರಿಯರು ಹಟ ಹಿಡಿದರು. ಅಚ್ಚಿನ ಮನೆಯವರು ಹೇಳಿದ ಬೆಲೆಯನ್ನು ಕೇಳಿ ನಾವು ಲೇಖನಿಯನ್ನೇ ಕೈಗೆತ್ತಿಕೊಂಡೆವು.

ಎ-4 ಅಳತೆಯ ದಪ್ಪ ಕಾಗದವನ್ನು ಮೂರಾವರ್ತಿ ಅರ್ಧ ಮಡಿಸಿ ಕತ್ತರಿಸಿದರೆ 8 ಚೀಟಿಗಳಾಗುವುವು. 200 ಮಂದಿಗೆ 25 ಹಾಳೆಗಳು ಸಾಕು. ಮಡಿಸಿ ನಿಲ್ಲಿಸಿದ ಚೀಟಿಗಳು ಫ್ಯಾನಿನ ಗಾಳಿಗೆ ಹಾರಿದುವು. ಆದಕಾರಣ ಒಂದೊಂದು ವೀಳ್ಯದೆಲೆಯ ಮೇಲೆ ಚೀಟಿಯನ್ನು ಮಲಗಿಸಿ, ಅಂಚಿಗೊಂದು ಅಡಿಕೆಯನ್ನಿರಿಸಿದೆವು. ಊಟದ ತರುವಾಯ ಎಲೆಯಡಿಕೆ ತಾಂಬೂಲಕ್ಕೆ ಸಂದುವು! ಅಕ್ಷರಗಳು ಮಾತ್ರ ದಪ್ಪನಾಗಿರತಕ್ಕದ್ದು. ವೃದ್ಧರು ಕನ್ನಡಕವನ್ನು ಹುಡುಕುವಂತಾಗಬಾರದು. ಮೊಣಕಾಲು ನೋವಿನವರ ಆಸನಗಳು ಕೈತೊಳೆಯುವ ಸ್ಥಳಕ್ಕೆ ಸಮೀಪದಲ್ಲಿರಲಿ.

ಇಷ್ಟೆಲ್ಲ ಎಚ್ಚರ ವಹಿಸಿಯೂ ನಾವು ಬರೆಯುವುದರಲ್ಲಿಯೇ ಎಡವಿದೆವು. ನಮ್ಮ ಹಿರಿಯಕ್ಕನ ಚೀಟಿಯಲ್ಲಿ ಭಾವನವರ ಹೆಸರನ್ನು ಬರೆದು, ಮುಂದೆ ‘ಅವರ ಧರ್ಮಪತ್ನಿ’ ಎಂದಿದ್ದೆವು. ಭಾವನವರು ತೀರಿಕೊಂಡು ಒಂಬತ್ತು ವರ್ಷಗಳಾಗಿದ್ದುವು. ಅಕ್ಕ ಚೀಟಿಯನ್ನು ಬಹಳ ಹೊತ್ತು ನೋಡಿ, “ನನಗೂ ಒಂದು ಹೆಸರುಂಟಲ್ಲೋ ತಮ್ಮಾ?” ಎಂದಳು. ಪಂಕ್ತಿಯಲ್ಲಿ ನಿಂತೇ ಬೇರೊಂದನ್ನು ಬರೆದುಕೊಟ್ಟೆವು. ಊಟ ಮುಗಿದಾಗ ಎಲೆಯಡಿಕೆಯನ್ನು ಅಲ್ಲಿಯೇ ಬಿಟ್ಟು, ಆ ಚೀಟಿಯನ್ನು ಮಾತ್ರ ಸೆರಗಿನ ತುದಿಗೆ ಕಟ್ಟಿಕೊಂಡು ಹೋದಳು.