ಗಂಜಿ ಒಳ್ಳೆಯದೇ, ಬದಿಯ ಉಪ್ಪು?

ಕುಚ್ಚಿಲಕ್ಕಿ ಗಂಜಿ ಉಂಡವರಿಗೆ ರೋಗವಿಲ್ಲ ಎಂಬ ಮಾತು ನಮ್ಮ ಕಾಸರಗೋಡಿನ ಕಡೆ ಮನೆಮನೆಯಲ್ಲಿದೆ. ಗಂಜಿಯ ತಪ್ಪೇನಿಲ್ಲ ಬಿಡಿ. ಆದರೆ ಬದಿಯಲ್ಲಿರುವ ಮಾವಿನ ಮಿಡಿ, ಹಪ್ಪಳ, ಮಜ್ಜಿಗೆ ಮೆಣಸು, ಒಣಮೀನು? ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇವೆಲ್ಲ ಸೇರಿದರೆ ಅದು ಒಂದೇ ಊಟಕ್ಕೆ ಮುಗಿದೀತು. ಹೆಚ್ಚಿನ ಉಪ್ಪಿಗೆ ಬಿ.ಪಿ. ಸದ್ದಿಲ್ಲದೆ ಏರಿ ಒಂದು ದಿನ ಪಕ್ಷವಾತಕ್ಕೆ ಮುಟ್ಟಿಸಬಹುದು. ಬೆಳ್ಳುಳ್ಳಿ ತಿಂದೆನೆಂದು ಮಾತ್ರೆ ಬಿಡುವವರೂ ಇದ್ದಾರೆ. ಅದು ಇನ್ನೂ ಅಪಾಯ. 2020ರ ಲಾಕ್‌ಡೌನಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆ ಎಷ್ಟು ದೂರವೆಂದು ಕಂಡಿದ್ದೇವೆ. ಹಾಗಾಗಿ ಎಚ್ಚರ ಅಡುಗೆಮನೆಯಲ್ಲೇ ಇರಲಿ. ಗಂಜಿಯ ಬದಿಗೆ ಹರಿವೆ, ಹೆಸರುಕಾಳಿನ ಪಲ್ಯ ಬರಲಿ. ಉಪ್ಪಿನಕಾಯಿ ನೆಕ್ಕುವಷ್ಟೇ ಸಾಕು.