ನೀರು ದಾಟುವ ಗಡಿಯನ್ನು ನಾವೂ ದಾಟುತ್ತೇವೆ

ನಾವು ಡೆಟ್ರಾಯಿಟ್‌ನ ಸುತ್ತ ನೆಲೆ ನಿಂತ ಕನ್ನಡಿಗರು. ಟ್ರಾಯ್, ನೋವೈ, ಕ್ಯಾಂಟನ್, ಫಾರ್ಮಿಂಗ್ಟನ್ ಹಿಲ್ಸ್ ನಮ್ಮ ವಿಳಾಸಗಳು. ಕಾರು ಕಂಪನಿಗಳ ಕೆಲಸ ನಮ್ಮನ್ನು ಇಲ್ಲಿಗೆ ತಂದಿತು. ‘ಒಳ್ಳೆ ಸ್ಕೂಲ್ ಡಿಸ್ಟ್ರಿಕ್ಟ್’ ಎಂಬ ಒಂದೇ ಮಾತು ನಾವು ಎಲ್ಲಿ ಮನೆ ಕೊಳ್ಳಬೇಕೆಂದು ತೀರ್ಮಾನಿಸಿತು. ಆ ಮಾತಿನಡಿ ಎಷ್ಟು ಚರಿತ್ರೆ ಹೂತಿದೆಯೆಂದು ಈಗ ಅರಿತಿದ್ದೇವೆ. ಅರಿತ ಮೇಲೆ ಸುಮ್ಮನಿರುವುದು ನಮ್ಮಿಂದಾಗದು.

ಡೆಟ್ರಾಯಿಟ್‌ನ ಉತ್ತರ ಗಡಿಯಾದ ಎಂಟನೇ ಮೈಲಿ ರಸ್ತೆಯ ದಕ್ಷಿಣಕ್ಕೆ, ಬರ್ವುಡ್ ಬೀದಿಯ ಮನೆಗಳ ಹಿತ್ತಲಲ್ಲಿ ಒಂದು ಕಾಂಕ್ರೀಟ್ ಗೋಡೆಯಿದೆ. ಆರಡಿ ಎತ್ತರ, ಸುಮಾರು ಅರ್ಧ ಮೈಲಿ ಉದ್ದ. 1941ರಲ್ಲಿ ಅದನ್ನು ಕಟ್ಟಿದ್ದು ಕಳ್ಳರಿಗೆ ಹೆದರಿಯಲ್ಲ. ಕಪ್ಪು ಜನರ ಬಡಾವಣೆಯ ಪಕ್ಕದಲ್ಲಿ ಬಿಳಿಯರಿಗೆ ಮನೆ ಕಟ್ಟಲು ಹೊರಟವನಿಗೆ ಸರ್ಕಾರದ ಸಾಲಖಾತರಿ ಬೇಕಿತ್ತು. ನಡುವೆ ಗೋಡೆ ಎದ್ದ ಮೇಲೆ ಅದು ಸಿಕ್ಕಿತು. ಇವತ್ತು ಆಟದ ಮೈದಾನದ ಬದಿಯಲ್ಲಿ ಅದರ ಮೈತುಂಬ ಬಣ್ಣದ ಚಿತ್ರಗಳಿವೆ, ಮಕ್ಕಳು ಕೈಯೂರಿ ಹತ್ತಿಬಿಡುವಷ್ಟೇ ಎತ್ತರ. ಯಾರೂ ಹತ್ತಲಾಗದ ಗೋಡೆ ಕಾಗದದಲ್ಲಿತ್ತು: ಕಪ್ಪು ಬಡಾವಣೆಗೆ ಸಾಲ ನಿರಾಕರಿಸಿದ ನಕ್ಷೆಯಲ್ಲಿ, ಕಪ್ಪು ಜನರಿಗೆ ಮಾರಬಾರದೆಂಬ ಕ್ರಯಪತ್ರದ ಷರತ್ತಿನಲ್ಲಿ, ಊರಿನ ಗಡಿಯಲ್ಲಿ.

ಊರು–ಕೇರಿ ಎಂದರೇನೆಂದು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಹಳ್ಳಿಗಳಲ್ಲಿ ಕೇರಿಯನ್ನು ಊರಾಚೆ ಇಟ್ಟರು. ಇಲ್ಲಿ ಊರೇ ಎದ್ದು ಆಚೆ ಹೋಗಿ, ನಗರವನ್ನೇ ಕೇರಿಯಾಗಿಸಿತು. 1950ರಲ್ಲಿ 18.5 ಲಕ್ಷ ಜನರಿದ್ದ ಡೆಟ್ರಾಯಿಟ್‌ನಲ್ಲಿ 2020ರ ಹೊತ್ತಿಗೆ ಉಳಿದವರು 6.4 ಲಕ್ಷ. ಕಪ್ಪು ಜನರ ಅಂಗಡಿಗಳೂ ಸಂಗೀತವೂ ತುಂಬಿದ್ದ ಹೇಸ್ಟಿಂಗ್ಸ್ ಬೀದಿಯ ಮೇಲೆ ಹೆದ್ದಾರಿ ಹಾಯ್ದಿತು. ನಗರದ ಮಕ್ಕಳನ್ನೂ 53 ಉಪನಗರ ಶಾಲಾ ಜಿಲ್ಲೆಗಳ ಮಕ್ಕಳನ್ನೂ ಒಟ್ಟಿಗೆ ಓದಿಸುವ ಯೋಜನೆಯನ್ನು 1974ರಲ್ಲಿ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕರ ಮತದಿಂದ ತಳ್ಳಿಹಾಕಿತು. 2013ರಲ್ಲಿ ನಗರ ದಿವಾಳಿ ಅರ್ಜಿ ಹಾಕಿದಾಗ ಅಧಿಕಾರ ಜನ ಆರಿಸಿದವರ ಕೈಯಲ್ಲಿರಲಿಲ್ಲ, ರಾಜ್ಯ ನೇಮಿಸಿದ ತುರ್ತು ಆಡಳಿತಾಧಿಕಾರಿಯ ಕೈಯಲ್ಲಿತ್ತು. ಮರುವರ್ಷ, 150 ಡಾಲರ್ ಬಾಕಿ ದಾಟಿದ ಮನೆಗಳ ನೀರು ನಿಲ್ಲಿಸುತ್ತ ಹೋದರು.

ಬಂದವರಿಗೆ ಬೆಲ್ಲ ನೀರು ಕೊಟ್ಟು ಮಾತಾಡಿಸುವ ಮನೆಗಳಲ್ಲಿ ಬೆಳೆದವರು ನಾವು. ಅದೇ ಮನೆಗಳು ಕೇರಿಯವರಿಗೆ ಬಾವಿ ಮುಟ್ಟಗೊಡಲಿಲ್ಲವೆಂಬುದನ್ನೂ ಬಲ್ಲೆವು. ಆದ್ದರಿಂದಲೇ ಈ ನೀರಿನ ಮಾತು ನಮ್ಮದು.

ಹ್ಯೂರನ್ ಸರೋವರದಿಂದ, ಡೆಟ್ರಾಯಿಟ್ ನದಿಯಿಂದ ಎತ್ತಿದ ನೀರು ಡೆಟ್ರಾಯಿಟ್ ನಗರ ದಶಕಗಳ ಕಾಲ ಹಾಕಿದ ಕೊಳವೆಗಳಲ್ಲಿ ಗಡಿ ದಾಟಿ ನಮ್ಮ ಅಡುಗೆಮನೆಗೆ ಬರುತ್ತದೆ. 2016ರಿಂದ ಒಂದೇ ಪ್ರಾದೇಶಿಕ ಪ್ರಾಧಿಕಾರ ಅದನ್ನು ನಗರಕ್ಕೂ ಉಪನಗರಗಳಿಗೂ ಹರಿಸುತ್ತಿದೆ. ನೀರಿಗೆ ಎಂಟನೇ ಮೈಲಿಯಿಲ್ಲ. ಶಾಲೆಗೆ ಇದೆ, ತೆರಿಗೆಗೆ ಇದೆ. ನಾವು ನಂಬುವುದು ಇಷ್ಟು: ಈ ಪ್ರದೇಶ ಒಂದೇ ಊರು. ಸರ್ಕಾರ ಎಳೆದ ಗೆರೆಯನ್ನು ಸರ್ಕಾರವೇ ಅಳಿಸಬೇಕು. 1965ರ ವಲಸೆ ಕಾನೂನು ನಮಗೆ ತೆರೆದ ಬಾಗಿಲನ್ನು ಒಳಗಿನಿಂದ ದೂಡಿದ್ದು ಕಪ್ಪು ಜನರ ಹಕ್ಕಿನ ಹೋರಾಟ. ಆ ಋಣ ನಮ್ಮ ಮೇಲಿದೆ.

ಮಿನಿಯಾಪೊಲಿಸ್–ಸೇಂಟ್ ಪಾಲ್ ಸುತ್ತಲಿನ ಊರುಗಳು 1971ರ ಕಾನೂನಿನಂತೆ, ತಮ್ಮ ವಾಣಿಜ್ಯ, ಕೈಗಾರಿಕಾ ಆಸ್ತಿಗಳ ತೆರಿಗೆ ಮೌಲ್ಯದಲ್ಲಿ ಆದ ಹೆಚ್ಚಳದ ಶೇ. 40ನ್ನು ಒಂದೆಡೆ ಸೇರಿಸಿ ಹಂಚಿಕೊಳ್ಳುತ್ತವೆ. ಇಲ್ಲೂ ಅದೇ ಆಗಲಿ. ಶಾಲೆಯ ಬಾಗಿಲು ಪಿನ್‌ಕೋಡ್ ಕೇಳದಿರಲಿ. ಜನ ಆರಿಸಿದ ನಗರಸಭೆಯನ್ನು ಬದಿಗಿಡುವ ತುರ್ತು ಆಡಳಿತದ ಕಾನೂನು ಹೋಗಲಿ. ಬಡವರ ನಲ್ಲಿಯನ್ನು ಇನ್ನೆಂದೂ ಯಾರೂ ನಿಲ್ಲಿಸದಿರಲಿ.

ಮುಂದೆ ನಮ್ಮ ಜೊತೆ ನಡೆಯಲಿರುವ ಗೆಳೆಯರೇ, ಮೊದಲ ಕೆಲಸ ಚಿಕ್ಕದು. ನಿಮ್ಮ ಊರಿನ ಕೌನ್ಸಿಲ್ ಸಭೆಗೆ ಮನೆಯ ನೀರಿನ ಬಿಲ್ ಹಿಡಿದು ಬನ್ನಿ. ಮಾತಿಗೆ ಸಿಗುವುದು ಕೆಲವೇ ನಿಮಿಷ. ಎದ್ದು ನಿಂತು, ನಿಮ್ಮ ಬೀದಿಯ ಹೆಸರು ಹೇಳಿ, ಈ ನೀರು ಎಲ್ಲಿಂದ ಬಂತೆಂದು ತಿಳಿಸಿ.